ಒಂದೇ ಚುಚ್ಚು, ಎರಡು ಟ್ಯೂಬ್: ಎಚ್‌ಐವಿ ಇದ್ದವರಲ್ಲಿ ಹೆಪಟೈಟಿಸ್ ಸಿ ತಪಾಸಣೆ

ಶಿರಸಿ ಕಡೆಯ ಹಳ್ಳಿಯಿಂದ ಕಾರವಾರದ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಂಕೋಲಾ ದಾಟಿ ಕಾರವಾರ. ಹೋಗುವಾಗಲೇ ನೂರು ಕಿಲೋಮೀಟರ್ ಮೀರುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸುತ್ತುದಾರಿ ಬೇರೆ. ಲಿವರಿಗೆ ತಗುಲುವ ವೈರಸ್ ಸೋಂಕು ಹೆಪಟೈಟಿಸ್ ಸಿಯ ತಪಾಸಣೆಯ ಮಾತನ್ನು ಈ ದಾರಿಯಿಂದಲೇ ಶುರುಮಾಡಬೇಕು, ಯಾಕೆಂದರೆ ಅದು ಒಂದು ಪರೀಕ್ಷೆಯಲ್ಲ, ಎರಡು. ಮೊದಲನೆಯದರಲ್ಲಿ ಪಾಸಿಟಿವ್ ಬಂದವರಿಗೆ ‘ಇನ್ನೊಂದು ದಿನ ಬನ್ನಿ, ಮತ್ತೆ ರಕ್ತ ತೆಗೆಯಬೇಕು’ ಎಂದರೆ ಕೆಲವರು ಮರಳಿ ಬರುವುದೇ ಇಲ್ಲ.

ಮೊದಲ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಗಂಗಾವಳಿಗೋ ಅಘನಾಶಿನಿಗೋ ನೆರೆ ಬಂದು ಇಳಿದ ಮೇಲೆ ಮನೆಯ ಗೋಡೆಯ ಮೇಲೆ ಕೆಸರಿನ ಗೆರೆಯೊಂದು ಉಳಿಯುತ್ತದಲ್ಲ, ಹಾಗೆ. ಇಲ್ಲಿಯವರೆಗೆ ನೀರು ಬಂದಿತ್ತು ಅನ್ನುವುದನ್ನು ಅದು ಹೇಳುತ್ತದೆ, ಇವತ್ತು ಮನೆಯೊಳಗೆ ನೀರಿದೆಯೇ ಎಂಬುದನ್ನು ಹೇಳುವುದಿಲ್ಲ. ಸೋಂಕು ತಗುಲಿದ ಸುಮಾರು ಶೇ. 30ರಷ್ಟು ಜನರಲ್ಲಿ ಯಾವ ಔಷಧವೂ ಇಲ್ಲದೆ ಆರು ತಿಂಗಳೊಳಗೆ ವೈರಸ್ ತಾನಾಗಿ ಹೋಗಿಬಿಡುತ್ತದೆ. ಎಚ್‌ಐವಿ ಇದ್ದವರಲ್ಲಿ ಈ ಅದೃಷ್ಟ ಇನ್ನೂ ಕಡಿಮೆ. ಆದರೆ ಪ್ರತಿಕಾಯದ ಗೆರೆ ಹೆಚ್ಚಿನವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ವೈರಸ್ ಈಗಲೂ ಇದೆಯೇ ಎಂದು ಹೇಳುವುದು ಎರಡನೆಯ ಪರೀಕ್ಷೆ, ಆರ್‌ಎನ್‌ಎ ಅಥವಾ ವೈರಲ್ ಲೋಡ್.

ಇನ್ನೊಂದು ಕಾರಣಕ್ಕೂ ಎರಡನೆಯದು ಬೇಕು. ನಮ್ಮ ಕಡೆ ಎಚ್‌ಐವಿ ಹೆಚ್ಚಾಗಿ ಹರಡಿದ್ದು ಲೈಂಗಿಕ ಸಂಪರ್ಕದಿಂದ. ಹೆಪಟೈಟಿಸ್ ಸಿ ಮುಖ್ಯವಾಗಿ ರಕ್ತದಿಂದ ರಕ್ತಕ್ಕೆ ದಾಟುವ ರೋಗ, ಗಂಡ ಹೆಂಡತಿಯ ನಡುವೆ ದಾಟುವುದು ಅಪರೂಪ. ಹಾಗಾಗಿ ಸೂಜಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರು ಹೆಚ್ಚಿರುವ ಮಣಿಪುರದಂಥ ಕಡೆ ಎರಡೂ ಸೋಂಕು ಜೊತೆಯಾಗಿ ಕಾಣುವಷ್ಟು ಇಲ್ಲಿ ಕಾಣುವುದಿಲ್ಲ. ರೋಗ ವಿರಳವಾಗಿರುವಲ್ಲಿ ಲೆಕ್ಕ ಹೇಗೆ ತಿರುಗುತ್ತದೆ ನೋಡಿ. 1000 ಜನರಲ್ಲಿ 10 ಮಂದಿಗೆ ನಿಜವಾಗಿ ಸೋಂಕಿದೆ ಎಂದುಕೊಳ್ಳಿ. ಪ್ರತಿಕಾಯ ಹುಡುಕುವ ಕಿಟ್ ಅಷ್ಟೂ ಜನರನ್ನು ಹಿಡಿಯಿತು. ಉಳಿದ 990 ಮಂದಿಯಲ್ಲಿ ಅದು ನೂರಕ್ಕೆ ಒಮ್ಮೆ ಮಾತ್ರ ತಪ್ಪಿದರೂ ಮತ್ತೆ ಹತ್ತು ಮಂದಿ ಪಾಸಿಟಿವ್ ಆದರು. ಅಂದರೆ ಪಾಸಿಟಿವ್ ಬಂದವರಲ್ಲಿ ಅರ್ಧದಷ್ಟು ಜನರಿಗೆ ಸೋಂಕೇ ಇಲ್ಲ. ಬರೀ ಕಿಟ್ ನೋಡಿ ‘ನಿಮಗೆ ಇದೂ ಇದೆ’ ಎಂದು ಎಚ್‌ಐವಿ ಇರುವವರಿಗೆ ಹೇಳಿಬಿಡುವುದು ಕ್ರೌರ್ಯವೇ ಸರಿ.

ತಪ್ಪು ಆಚೆ ಕಡೆಗೂ ಆಗುತ್ತದೆ. ರೋಗನಿರೋಧಕ ಕಣಗಳ ಲೆಕ್ಕವಾದ ಸಿಡಿ4 ಎಣಿಕೆ 200ಕ್ಕಿಂತ, ಅದರಲ್ಲೂ 100ಕ್ಕಿಂತ ಕೆಳಗಿದ್ದರೆ ದೇಹಕ್ಕೆ ಪ್ರತಿಕಾಯ ಮಾಡುವ ತ್ರಾಣವೇ ಸಾಲದೆ, ವೈರಸ್ ಇದ್ದೂ ಕಿಟ್ ನೆಗೆಟಿವ್ ತೋರಿಸಬಹುದು. ಹೊಸದಾಗಿ ಸೋಂಕು ತಗುಲಿದ ಮೊದಲ ಎರಡು ಮೂರು ತಿಂಗಳಲ್ಲೂ ಹೀಗೇ. ಅಂಥವರಲ್ಲಿ ಲಿವರಿಗೆ ಪೆಟ್ಟಾದುದನ್ನು ತೋರಿಸುವ ಎಸ್‌ಜಿಪಿಟಿ ಕಾರಣವಿಲ್ಲದೆ ಏರಿದ್ದರೆ ಕಿಟ್ಟಿನ ಮಾತು ಬಿಟ್ಟು ನೇರ ಆರ್‌ಎನ್‌ಎಗೆ ಕಳಿಸಬೇಕು. ಕಣ್ಣು ಹಳದಿಯಾಗಲಿ ಎಂದು ಕಾಯುವ ಹಾಗಿಲ್ಲ. ಕಾಮಾಲೆಯಾದರೆ ಊರಿನ ಬೇರು ಸೊಪ್ಪಿನ ಔಷಧಕ್ಕಾದರೂ ಜನ ಹೋಗುತ್ತಾರೆ, ಹೆಪಟೈಟಿಸ್ ಸಿ ಬಹುಪಾಲು ಜನರಲ್ಲಿ ಕಾಮಾಲೆ ತರುವುದೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರಿನಲ್ಲಿ ಕಲೆ ಕಟ್ಟುತ್ತಾ ಹೋಗುತ್ತದೆ. ಜೊತೆಗೆ ಎಚ್‌ಐವಿ ಇದ್ದರೆ ಆ ಓಟ ಇನ್ನೂ ಜೋರು.

ಎಚ್‌ಐವಿಯ ಔಷಧ ಚಿಕಿತ್ಸೆ, ಅಂದರೆ ಎಆರ್‌ಟಿ, ಶುರುಮಾಡುವಾಗ ಹೆಪಟೈಟಿಸ್ ಬಿ ಮತ್ತು ಸಿ ಎರಡನ್ನೂ ಒಮ್ಮೆ ನೋಡಬೇಕು. ಅಪಾಯ ಮುಂದುವರಿದಿರುವವರಲ್ಲಿ ವರ್ಷಕ್ಕೊಮ್ಮೆ. ಅಪಾಯ ಇದೆಯೇ ಎಂದು ತಿಳಿಯಲು ‘ನಶೆ ಮಾಡ್ತೀರಾ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಡಯಾಲಿಸಿಸ್ ಆಗಿದೆಯೇ, ಹೆರಿಗೆಯಲ್ಲೋ ಅಪಘಾತದಲ್ಲೋ ರಕ್ತ ಹಾಕಿಸಿಕೊಂಡಿದ್ದುಂಟೇ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಾಗ ಸೂಜಿ ಬದಲಿಸಿದ್ದರೇ, ಎಲ್ಲರಿಗೂ ಒಂದೇ ಬಟ್ಟಲಿನ ಶಾಯಿಯೇ ಎಂದು ಕೇಳಬೇಕು. ರಕ್ತನಿಧಿಗಳಲ್ಲಿ ಈ ಪರೀಕ್ಷೆ ಕಡ್ಡಾಯವಾದದ್ದು 2000 ದಾಟಿದ ಮೇಲೆ. ಅದಕ್ಕೂ ಮೊದಲು ರಕ್ತ ಪಡೆದವರ ಬಗ್ಗೆ ವಿಶೇಷ ಗಮನವಿರಲಿ.

ಇನ್ನು ಲ್ಯಾಬಿನ ಮೇಜು. ರ‍್ಯಾಪಿಡ್ ಕಿಟ್ಟಿನಲ್ಲಿ ಎರಡು ಜಾಗ: ಸಿ (ಕಂಟ್ರೋಲ್) ಎಂಬಲ್ಲಿ ಗೆರೆ ಬರಲೇಬೇಕು, ಬಾರದಿದ್ದರೆ ಕಿಟ್ಟೇ ಕೆಟ್ಟಿದೆ. ಟಿ (ಟೆಸ್ಟ್) ಎಂಬಲ್ಲಿ ಮಸುಕಾಗಿ ಬಂದರೂ ಅದು ಗೆರೆಯೇ. ಗೆರೆ ಓದಲು ಪೊಟ್ಟಣದ ಮೇಲೆ ಬರೆದಷ್ಟೇ ಸಮಯ. ಚಹಾ ಕುಡಿದು ಬಂದು ಒಂದು ತಾಸಿನ ಮೇಲೆ ನೋಡಿದರೆ ಒಣಗಿದ ಪಟ್ಟಿಯ ಮೇಲೆ ಇಲ್ಲದ ಗೆರೆ ಮೂಡಿರಬಹುದು. ಫ್ರಿಜ್ಜಿನಿಂದ ತೆಗೆದ ಕಿಟ್ಟನ್ನು ಕರಾವಳಿಯ ಸೆಕೆಯಲ್ಲಿ ತಕ್ಷಣ ಬಿಚ್ಚಿದರೆ ಪಟ್ಟಿಯ ಮೇಲೆ ತೇವ ಕೂರುತ್ತದೆ. ಪೊಟ್ಟಣ ಕೋಣೆಯ ಬಿಸಿಗೆ ಬರುವವರೆಗೆ ಅದನ್ನು ಮುಚ್ಚಿಯೇ ಇಡಬೇಕು.

ಘಟ್ಟದ ದಾರಿಗೆ ಉತ್ತರ ಇರುವುದು ಇದೇ ಮೇಜಿನಲ್ಲಿ. ಮೊದಲ ದಿನ ಚುಚ್ಚಿದಾಗಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಒಂದನ್ನು ಹೆಚ್ಚಿಗೆ ತುಂಬಿಡಿ. ಕಿಟ್ ನೆಗೆಟಿವ್ ಆಗಿ, ಮೇಲೆ ಹೇಳಿದಂಥ ಅನುಮಾನವೂ ಇಲ್ಲದಿದ್ದರೆ ಅದನ್ನು ಎಸೆದರಾಯಿತು. ಪಾಸಿಟಿವ್ ಆದರೆ ಅದೇ ಟ್ಯೂಬ್ ಆರ್‌ಎನ್‌ಎಗೆ ಹೋಗಲಿ. ಪ್ರಯಾಣ ಮಾಡಬೇಕಾದದ್ದು ರಕ್ತ, ಮನುಷ್ಯನಲ್ಲ. ತುಂಬಿದ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಜೋರಾಗಿ ಕುಲುಕಬಾರದು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡ, ಹೆಪಾರಿನ್ ಆರ್‌ಎನ್‌ಎ ಪತ್ತೆಮಾಡುವ ಪಿಸಿಆರ್ ಕ್ರಿಯೆಗೇ ಅಡ್ಡಗಾಲು. ಆರು ತಾಸಿನೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ರಕ್ತದ ತಿಳಿ ದ್ರವವಾದ ಪ್ಲಾಸ್ಮಾ ಬೇರ್ಪಡಿಸಿ, 2ರಿಂದ 8 ಡಿಗ್ರಿಯಲ್ಲಿ ಕಳಿಸುವುದು ಕ್ಷೇಮ. ಬೇರ್ಪಡಿಸದ ರಕ್ತವನ್ನು ಐಸ್ ಪ್ಯಾಕಿಗೆ ತಾಗಿಸಿ ಇಟ್ಟರೆ ಅದು ಮಂಜುಗಡ್ಡೆಯಂತೆ ಗಟ್ಟಿಯಾಗಿ ಕೆಂಪುಕಣ ಒಡೆಯುತ್ತವೆ, ಮಧ್ಯೆ ಒಂದು ರಟ್ಟಿನ ತುಂಡಾದರೂ ಇರಲಿ. ಕ್ಷಯಕ್ಕೆ ಬಳಸುವ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲೇ ಬೇರೆ ಕಾರ್ಟ್ರಿಜ್ ಹಾಕಿ ಈ ಪರೀಕ್ಷೆ ಮಾಡಬಹುದು, ಎರಡು ತಾಸಿನೊಳಗೆ ಫಲಿತಾಂಶ. ಪಕ್ಕದ ಗೋವಾದ ಕಂಪನಿಯ ಟ್ರೂನ್ಯಾಟ್ ಯಂತ್ರಕ್ಕೂ ಹೆಪಟೈಟಿಸ್ ಸಿ ಚಿಪ್ ಇದೆ.

ಆರ್‌ಎನ್‌ಎ ಪಾಸಿಟಿವ್ ಆದರೆ ಮುಂದಿನ ಪ್ರಶ್ನೆ, ಲಿವರ್ ಪೂರ್ತಿ ಕಲೆಗಟ್ಟಿ ಸಿರೋಸಿಸ್ ಆಗಿದೆಯೇ? ಅದಕ್ಕೆ ಕಾಗದ ಪೆನ್ನು ಸಾಕು. ಎಸ್‌ಜಿಒಟಿ (ಇದೂ ಲಿವರಿನ ಪೆಟ್ಟು ತೋರಿಸುವ ರಕ್ತಪರೀಕ್ಷೆ) 80, ಲ್ಯಾಬಿನ ಗರಿಷ್ಠ ಮಿತಿ 40, ಪ್ಲೇಟ್‌ಲೆಟ್ 1.6 ಲಕ್ಷ ಎಂದಿಟ್ಟುಕೊಳ್ಳಿ. 80ನ್ನು 40ರಿಂದ ಭಾಗಿಸಿ 2, ನೂರರಿಂದ ಗುಣಿಸಿ 200, ಅದನ್ನು 160ರಿಂದ (ಸಾವಿರದ ಲೆಕ್ಕದಲ್ಲಿ ಪ್ಲೇಟ್‌ಲೆಟ್) ಭಾಗಿಸಿದರೆ 1.25. ಇದು ಎಪಿಆರ್‌ಐ ಎಂಬ ಅಂಕ. 2 ಮುಟ್ಟಿದರೆ ಸಿರೋಸಿಸ್ ಇರಬಹುದೆಂದು ನೋಡಬೇಕು, ಆದ್ದರಿಂದ ಈ ವ್ಯಕ್ತಿ ಸದ್ಯಕ್ಕೆ ಈಚೆಗಿದ್ದಾರೆ. ಇದೇ ವ್ಯಕ್ತಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ 80 ಸಾವಿರಕ್ಕೆ ಇಳಿದ ದಿನ ಲೆಕ್ಕ ಹಾಕಿದರೆ? 2.5. ಲಿವರ್ ಅದೇ, ಹಣೆಪಟ್ಟಿ ಮಾತ್ರ ಬೇರೆ. ಮಳೆಗಾಲದ ಇಲಿಜ್ವರ, ಸಿದ್ದಾಪುರ ಕಡೆ ಬೇಸಿಗೆಯ ಮಂಗನ ಕಾಯಿಲೆ ಕೂಡ ಎಸ್‌ಜಿಒಟಿ ಏರಿಸಿ ಪ್ಲೇಟ್‌ಲೆಟ್ ಇಳಿಸುತ್ತವೆ. ಜ್ವರದ ವಾರದ ರಿಪೋರ್ಟ್ ಹಿಡಿದು ಸಿರೋಸಿಸ್ ಎಂದು ಬರೆಯಬೇಡಿ, ಜ್ವರ ಬಿಟ್ಟು ಕೆಲವು ವಾರಗಳ ಮೇಲೆ ಮತ್ತೆ ನೋಡಿ.

ಚಿಕಿತ್ಸೆ ಈಗ ಮಾತ್ರೆಯಲ್ಲೇ ಮುಗಿಯುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಸೊಫೊಸ್ಬುವಿರ್ 400 ಮಿ.ಗ್ರಾಂ ಮತ್ತು ಡಕ್ಲಾಟಾಸ್ವಿರ್ 60 ಮಿ.ಗ್ರಾಂ, 12 ವಾರ. ಈಗ ಬಹುತೇಕರು ತೆಗೆದುಕೊಳ್ಳುವ ಟಿಎಲ್‌ಡಿ ಎಆರ್‌ಟಿ ಮಾತ್ರೆಯ ಜೊತೆ ಇವಕ್ಕೆ ಜಗಳವಿಲ್ಲ. ಇನ್ನೂ ಹಳೆಯ ಎಚ್‌ಐವಿ ಔಷಧ ಇಫಾವಿರೆಂಜ್ ಮೇಲೆ ಇರುವವರಿಗೆ ಡಕ್ಲಾಟಾಸ್ವಿರ್ 90ಕ್ಕೆ ಏರಿಸಬೇಕು. ಕ್ಷಯದ ರಿಫಾಂಪಿಸಿನ್ ನಡೆಯುತ್ತಿದ್ದರೆ ಮೊದಲು ಅದು ಮುಗಿಯಲಿ, ಅದು ಈ ಔಷಧಗಳನ್ನು ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ಸಿರೋಸಿಸ್ ಇದ್ದವರಿಗೆ ಕೊಡುವ ವೆಲ್ಪಟಾಸ್ವಿರ್‌ಗೆ ಹೊಟ್ಟೆಯಲ್ಲಿ ಆಮ್ಲ ಬೇಕು. ದಿನಾ ಬೆಳಿಗ್ಗೆ ಅಂಗಡಿಯಿಂದ ತಂದು ನುಂಗುವ ಗ್ಯಾಸಿನ ಮಾತ್ರೆ ಅದನ್ನು ಕೆಡಿಸುತ್ತದೆ. ಗ್ಯಾಸಿನ ಮಾತ್ರೆಯನ್ನು ಔಷಧವೆಂದೇ ಯಾರೂ ಎಣಿಸದ ಕಾರಣ, ಬಾಯಿಬಿಟ್ಟು ಕೇಳದೆ ಅದು ಹೊರಬರುವುದಿಲ್ಲ. ಹೆಪಟೈಟಿಸ್ ಬಿ ಕೂಡ ಇದ್ದರೆ, ಸಿ ವೈರಸ್ ಇಳಿಯುತ್ತಿದ್ದಂತೆ ಬಿ ತಲೆಯೆತ್ತಬಹುದು. ಟಿಎಲ್‌ಡಿಯ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಬಿಯನ್ನೂ ಹಿಡಿದಿಡುವ ಕಾರಣ ಆ ಸಮಯದಲ್ಲಿ ಎಆರ್‌ಟಿ ತಪ್ಪಿಸಲೇಬಾರದು.

ಮಾತ್ರೆ ಮುಗಿದ 12 ವಾರದ ಮೇಲೆ ಮತ್ತೊಂದು ಆರ್‌ಎನ್‌ಎ. ‘ನಾಟ್ ಡಿಟೆಕ್ಟೆಡ್’ ಎಂದು ಬಂದರೆ ಗುಣವಾದಂತೆ. ಆದರೆ ಇದಕ್ಕೆ ಲಸಿಕೆಯಿಲ್ಲ, ಒಮ್ಮೆ ಗುಣವಾದವರಿಗೆ ಮತ್ತೆ ತಗುಲಬಹುದು. ಗೋಡೆಯ ಗೆರೆಯಂತೂ ಸುಲಭಕ್ಕೆ ಅಳಿಸುವುದಿಲ್ಲ. ನಾಳೆ ಮಡಗಾಂವಿಗೋ ಹುಬ್ಬಳ್ಳಿಗೋ ಆಪರೇಷನ್ನಿಗೆ ಹೋದಾಗ ಅಲ್ಲಿನ ಕಿಟ್ಟಿನಲ್ಲಿ ಸಾಮಾನ್ಯವಾಗಿ ಟಿ ಗೆರೆ ಮೂಡುತ್ತದೆ. ಆಗ ತೋರಿಸಲು ಆ ಕೊನೆಯ ಆರ್‌ಎನ್‌ಎ ರಿಪೋರ್ಟಿನ ಒಂದು ಜೆರಾಕ್ಸ್ ಎಆರ್‌ಟಿ ಪುಸ್ತಕದೊಳಗೆ ಇರಲಿ.