ಹಲ್ಲಿನ ಇಂಪ್ಲಾಂಟ್ ಹಾಕಿದ ಮೇಲೆ: ನೋವಿನ ಲೆಕ್ಕ ಬೇರೆ, ಮೂಳೆಯ ಲೆಕ್ಕ ಬೇರೆ

ವಿರಾಜಪೇಟೆಯಲ್ಲಿ ಪೋಸ್ಟಿಂಗ್ ಇದ್ದಾಗ, ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ಕೂರಿಸುವ ತಿರುಪಿನ (ಇಂಪ್ಲಾಂಟ್) ಬಗ್ಗೆ ಬರೆದಿಟ್ಟ ಟಿಪ್ಪಣಿ ಇದು. ವೈವಾಗೆ (ಬಾಯಿಮಾತಿನ ಪರೀಕ್ಷೆಗೆ) ಓದುವವರಿಗೂ ಆಗುತ್ತದೆ, ರೋಗಿಗೆ ಹೇಳಿ ಕಳಿಸುವಾಗಲೂ ಆಗುತ್ತದೆ.

ನೋವು ಒಂದು ವಾರದಲ್ಲಿ ಹೋಗುತ್ತದೆ. ಮೂಳೆ ಇಂಪ್ಲಾಂಟ್‌ಗೆ ಕೂಡಲು ತಿಂಗಳುಗಳೇ ಬೇಕು. ರೋಗಿಗಳು ಎಡವುವುದು ಇಲ್ಲೇ. ಗೋಣಿಕೊಪ್ಪ ಕಡೆಯ ಅಜ್ಜರೊಬ್ಬರು ಮೂರನೇ ವಾರ ಬಂದು, "ನೋವೇ ಇಲ್ಲ ಮಗಾ, ಇನ್ನು ಆ ಕಡೆಯಲ್ಲೇ ಪಂದಿಕರಿ ಅಗಿಯಬಹುದಲ್ವಾ?" ಎಂದು ಕೇಳಿದರು. ಬೇಡ ಅಜ್ಜ ಎಂದೆ, ಆದರೆ ಯಾಕೆ ಬೇಡ ಅಂತ ವಿವರಿಸಲು ನನಗೆ ಬರಲಿಲ್ಲ. ಆವತ್ತೇ ಕೂತು ಓದಿದೆ.

ಹಾಕಿದ ದಿನ ಇಂಪ್ಲಾಂಟ್ ಗಟ್ಟಿ ಇರುವುದು ಅದು ಹಳೆ ಮೂಳೆಗೆ ಒತ್ತಿ ಕೂತಿರುವುದರಿಂದ. ಆಮೇಲೆ ಆ ಒತ್ತಿದ ಮೂಳೆ ಸ್ವಲ್ಪ ಸ್ವಲ್ಪ ಕರಗುತ್ತದೆ, ಹೊಸ ಮೂಳೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ 2ರಿಂದ 4ನೇ ವಾರದ ಹೊತ್ತಿಗೆ ಹಿಡಿತ ಕಡಿಮೆಯಾಗುತ್ತದೆ, ಅದೂ ನೋವೇ ಇಲ್ಲದ ಹೊತ್ತಿನಲ್ಲಿ. ಹೊಸದಾಗಿ ನೆಟ್ಟ ಕಾಫಿ ಗಿಡ ಬೇರು ಹಿಡಿಯುವ ಮೊದಲೇ ಅಲ್ಲಾಡಿಸಿದರೆ ಏನಾಗುತ್ತದೆ, ಅದೇ ಇಲ್ಲೂ ಆಗುವುದು. ಸುಮಾರು 150 ಮೈಕ್ರೊಮೀಟರ್‌ಗಿಂತ ಜಾಸ್ತಿ ಅಲುಗಾಡಿದರೆ ಸುತ್ತ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ, ಇಂಪ್ಲಾಂಟ್ ಕೈಕೊಡುತ್ತದೆ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಅವರ ಹಳೆಯ ಪದ್ಧತಿಯಲ್ಲಿ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಭಾರ ಹಾಕದೆ (ಮೇಲೆ ಹಲ್ಲು ಕೂರಿಸದೆ) ಬಿಡುತ್ತಿದ್ದರು, ಮೇಲ್ದವಡೆಯ ಮೂಳೆ ಮೆದು ಅಲ್ವಾ, ಅದಕ್ಕೆ.

ಇನ್ನು ನೋವು. ಮರಗಟ್ಟಿದ್ದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಇಳಿದ ಮೇಲೆ ಮಾತ್ರೆ ಹುಡುಕಿದರೆ ತಡವಾಯಿತು. ಮೊದಲ ಮಾತ್ರೆ ಅದಕ್ಕೂ ಮುಂಚೆಯೇ, ಏನಾದರೂ ಮೆತ್ತಗಿನದು ತಿಂದು ತೆಗೆದುಕೊಳ್ಳಬೇಕು. ಐಬುಪ್ರೊಫೆನ್ ಉರಿಯೂತವನ್ನೇ ತಗ್ಗಿಸುತ್ತದೆ, ಪ್ಯಾರಾಸಿಟಮಾಲ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ, ಅದಕ್ಕೇ ಎರಡನ್ನೂ ಸೇರಿಸಿ ಬರೆಯುವುದುಂಟು. ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ, ರಕ್ತ ತೆಳುವಾಗಿಸುವ ಮಾತ್ರೆ ಇವೆಯಾ ಅಂತ ಕೇಳದೆ ಐಬುಪ್ರೊಫೆನ್ ಕೊಡಲೇಬಾರದು. ಡಾಕ್ಟರು ಬರೆದುಕೊಟ್ಟ, ರಕ್ತ ತೆಳುವಾಗಿಸುವ ಆ ಮಾತ್ರೆಯನ್ನು ರೋಗಿ ತಾನೇ ನಿಲ್ಲಿಸಲೂಬಾರದು, ಇದನ್ನು ಎರಡು ಸಲ ಹೇಳಿ.

ಊತ ಜಾಸ್ತಿಯಾಗುವುದು 2ನೇ ಅಥವಾ 3ನೇ ದಿನ. ಇದನ್ನು ಮೊದಲೇ ಹೇಳಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಮೊದಲ ದಿನ, ಎರಡನೇ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಕೆನ್ನೆಗೆ 15-20 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೋ ಗೊತ್ತಿಲ್ಲ. ಐಸ್ ಸಿಗದಿದ್ದರೆ ತಣ್ಣೀರಲ್ಲಿ ಹಿಂಡಿದ ಬಟ್ಟೆ ಸಾಕು. ರಾತ್ರಿ ಎರಡು ದಿಂಬು.

ಮೊದಲ 24 ಗಂಟೆ ಬಿಸಿ ಕಾಫಿ ಬೇಡ, ಬಾಯಿ ಮುಕ್ಕಳಿಸುವುದೂ ಬೇಡ, ಉಗಿಯುವುದಂತೂ ಬೇಡ, ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ. ಆಮೇಲೆ ಬೆಚ್ಚಗಿನ ಉಪ್ಪುನೀರು. ಕ್ಲೋರ್‌ಹೆಕ್ಸಿಡಿನ್ (ಬಾಯಿ ಮುಕ್ಕಳಿಸುವ ಮದ್ದು) ಕೊಟ್ಟಿದ್ದರೆ ಅದರ ಬೆನ್ನಿಗೇ ಕಾಫಿ ಕುಡಿದರೆ ಹಲ್ಲಿಗೆ ಕಲೆ ಹಿಡಿಯುತ್ತದೆ, ಕೊಡಗಿನಲ್ಲಿ ಇದನ್ನು ಹೇಳದೆ ಕಳಿಸಬೇಡಿ. ಊಟಕ್ಕೆ ಆರಿದ ಗಂಜಿ, ಮೊಸರನ್ನ, ಮೆತ್ತಗಿನ ನೂಲ್‌ಪುಟ್ಟು. ಕಾಚಂಪುಳಿ ಹಾಕಿದ ಖಾರದ ಸಾರು ಗಾಯಕ್ಕೆ ಉರಿ. ಬೀಡಿ, ಸಿಗರೇಟು, ಎಲೆಅಡಿಕೆ ಮೂರನ್ನೂ ಬಿಡಿಸಬೇಕು. ತೋಟದ ಲೈನ್ ಮನೆಗಳಿಂದ ಬರುವವರಿಗೆ ಎಲೆಅಡಿಕೆ ಬಿಡುವುದು ಸುಲಭವಲ್ಲ, ಸುಮ್ನೆ ಗದರಬೇಡಿ, ಹೊಗೆಯಿಂದ ರಕ್ತನಾಳ ಕಿರಿದಾಗುತ್ತದೆ, ತಂಬಾಕಿನಿಂದ ಗಾಯ ಮಾಯುವುದು ತಡವಾಗುತ್ತದೆ ಅಂತ ಬಿಡಿಸಿ ಹೇಳಿ.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. 3-4 ದಿನ ಕಳೆದು ತಿರುಗಿ ಏರಿದರೆ, ಕೀವು ಅಥವಾ ಜ್ವರ ಬಂದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಇಂಪ್ಲಾಂಟ್ ಅಲ್ಲಾಡಿದರೆ ಕೂಡಲೇ ಬರಬೇಕು. ಮರಗಟ್ಟುವ ಮದ್ದು ಇಳಿದ ಮೇಲೂ ಕೆಳತುಟಿ, ಗದ್ದ ಜೋಮು ಹಿಡಿದ ಹಾಗೇ ಇದ್ದರೆ ನರಕ್ಕೆ ಒತ್ತಡ ಬಿದ್ದಿರಬಹುದು. ಅದಕ್ಕೆ ಹೊಲಿಗೆ ತೆಗೆಯುವ ದಿನದವರೆಗೆ ಕಾಯುವಂತಿಲ್ಲ, ಅದೇ ದಿನ ಫೋನ್ ಮಾಡಬೇಕು. ಚೀಟಿಯಲ್ಲಿ ನಂಬರ್ ದೊಡ್ಡದಾಗಿ ಬರೆದುಕೊಡಿ.