ಪದ ಪರಿಚಯ: ಕ್ಯಾಲಿಬರ್, ಅಥವಾ ಲಿವರ್ ರೈಫಲಿನ ಮೂರು ‘38’ಗಳು

ಅಪರಾಧ ಸುದ್ದಿಗಳಲ್ಲಿ ‘.32 ಎಂ.ಎಂ. ಪಿಸ್ತೂಲು ವಶ’ ಎಂದು ಓದಿ ಓದಿ ಸಾಕಾಗಿದೆ. .32 ಮಿಲಿಮೀಟರ್ ಅಂದರೆ ಪೆನ್ ಪೆನ್ಸಿಲಿಗೆ ಹಾಕುವ ಕಡ್ಡಿಗಿಂತಲೂ ಸಣ್ಣ. ಅಲ್ಲಿರುವುದು ಇಂಚಿನ ಲೆಕ್ಕ: ಇಂಚನ್ನು ನೂರು ಪಾಲು ಮಾಡಿದರೆ ಅದರಲ್ಲಿ 32 ಪಾಲು, ಅಂದಾಜು 8 ಮಿ.ಮೀ. ಮುಂದಿನ ಚುಕ್ಕಿಯೇ ಇದು ಇಂಚು ಎಂದು ಹೇಳುತ್ತಿರುತ್ತದೆ. ಚುಕ್ಕಿಯನ್ನೂ ಇಟ್ಟು ಎಂ.ಎಂ. ಅನ್ನೂ ಅಂಟಿಸುವವರಿಗೆ ಏನು ಹೇಳುವುದು?

ಇದು ಸಣ್ಣ ತಪ್ಪು. ದೊಡ್ಡದು ಕೋವಿಯಲ್ಲಿ ಆಸಕ್ತಿ ಇಟ್ಟುಕೊಂಡವರೇ ಮಾಡುವಂಥದ್ದು. ಹಿಡಿಯ ಕೆಳಗಿನ ಲಿವರನ್ನು ಕೆಳಕ್ಕೆ ತಳ್ಳಿ ಮೇಲೆಳೆದರೆ ಮುಂದಿನ ತೋಟಾ ತುಂಬಿಕೊಳ್ಳುವ ಅಮೆರಿಕದ ಲಿವರ್ ಆ್ಯಕ್ಷನ್ ರೈಫಲುಗಳ ಮಾತು ಬಂದು, ಅವುಗಳಲ್ಲಿ ಯಾವ ಕ್ಯಾಲಿಬರ್ ಜನಪ್ರಿಯ ಎಂದು ಕೇಳಿದರೆ ‘30’, ‘38’, ‘45’ ಎಂದು ಥಟ್ಟನೆ ಉತ್ತರ ಬರುತ್ತದೆ. ಇವು ಉತ್ತರಗಳೇ ಅಲ್ಲ. ಕ್ಯಾಲಿಬರ್ ಎಂದರೆ ತೂತಿನ ಅಗಲ. ಜನ ಆರಿಸಿ ಕೊಳ್ಳುವುದು ತೋಟಾವನ್ನು, ಅಂದರೆ ಹಿತ್ತಾಳೆ ಕೊಳವೆ, ಹೊಡೆತಕ್ಕೆ ಸಿಡಿದು ಕಿಡಿ ಕೊಡುವ ಕೇಪು, ಮದ್ದು, ಗುಂಡು ನಾಲ್ಕೂ ಸೇರಿದ್ದನ್ನು. ‘45’ ಅಂದವರು .45 ಕೋಲ್ಟ್ ಅಂದರೋ .45-70 ಅಂದರೋ? ಎರಡನೆಯದರ ಕೊಳವೆ ಮೊದಲನೆಯದಕ್ಕಿಂತ ಮುಕ್ಕಾಲು ಇಂಚಿಗೂ ಹೆಚ್ಚು ಉದ್ದ. ಒಂದು ರಿವಾಲ್ವರಿನ ತೋಟಾ, ಇನ್ನೊಂದು ಅಮೆರಿಕದ ಸೇನೆ 1873ರಲ್ಲಿ ಒಪ್ಪಿಕೊಂಡ ರೈಫಲ್ ತೋಟಾ. ಒಂದನ್ನು ಇನ್ನೊಂದರ ಕೋವಿಗೆ ಹಾಕುವ ಮಾತೇ ಇಲ್ಲ.

ಪದದ ಮೂಲಕ್ಕೆ ಬರೋಣ. ನಿಘಂಟುಗಳು ಹೆಚ್ಚಾಗಿ ಒಪ್ಪುವಂತೆ ಇದು ಅರಬ್ಬಿಯ ‘ಕಾಲಿಬ್’. ಎರಕ ಹೊಯ್ಯುವ ಅಚ್ಚು ಎಂದು ಅದರ ಅರ್ಥ. ಅದರ ಹಿಂದೆ ಗ್ರೀಕಿನ ಒಂದು ಪದವಿದೆ, ಚಮ್ಮಾರರು ಜೋಡು ಹೊಲಿಯುವಾಗ ಇಟ್ಟುಕೊಳ್ಳುವ ಮರದ ಪಾದಕ್ಕೆ ಅದು ಹೆಸರು. ಫ್ರೆಂಚಿನ ಮೂಲಕ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಅಲ್ಲಿ ಮೊದಲು ಸಿಗುವ ಅರ್ಥ ತೂತಿನ ಅಗಲವಲ್ಲ, ಮನುಷ್ಯನ ಯೋಗ್ಯತೆ. ಹಾಗಾಗಿ ‘ಅವನಿಗೆ ಅಷ್ಟು ಕ್ಯಾಲಿಬರ್ ಇಲ್ಲ’ ಎನ್ನುವ ನಮ್ಮ ಆಫೀಸಿನ ಮಾತು ಅಪಪ್ರಯೋಗವಲ್ಲ. ಅದನ್ನು ತಿದ್ದಲು ಹೋಗುವವರು ಸುಮ್ಮನಿರುವುದು ಲೇಸು. ಪೀಣ್ಯದ ವರ್ಕ್‌ಶಾಪುಗಳಲ್ಲಿ ದಿನವೂ ಕೈಗೆ ಬರುವ ವರ್ನಿಯರ್ ಕ್ಯಾಲಿಪರ್ ಕೂಡ ಇದೇ ಪದದ ಇನ್ನೊಂದು ರೂಪ. ಗುಂಡಿನ, ತೂತಿನ ಅಗಲ ಅಳೆಯುವ ಕೈವಾರಕ್ಕೆ ಆ ಹೆಸರು ಬಿತ್ತು.

‘ಬೋರ್’ ಬೇರೆ. ಕೊಡಗಿನ, ಮಲೆನಾಡಿನ ಮನೆಗಳ ‘ಹನ್ನೆರಡು ಬೋರಿನ ಜೋಡುನಳಿಗೆ’ಯಲ್ಲಿ 12 ಎಂಬುದು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಆ ನಳಿಗೆಗೆ ಸರಿಹೊಂದುವ ಸೀಸದ ಉಂಡೆಗಳನ್ನು ಒಂದು ಪೌಂಡಿಗೆ 12ರಂತೆ ಎರಕ ಹೊಯ್ಯಬಹುದು ಎಂದು ಅರ್ಥ, ಅಗಲ .729 ಇಂಚು, 18.5 ಮಿ.ಮೀ. ಅದಕ್ಕೇ 16 ಬೋರ್ 12ಕ್ಕಿಂತ ಚಿಕ್ಕದು. ಇನ್ನು ಫಿರಂಗಿಯಲ್ಲಿ ಕ್ಯಾಲಿಬರ್ ಉದ್ದದ ಮಾನ. ನಮ್ಮ ಬೊಫೋರ್ಸ್ 155 ಮಿ.ಮೀ./39 ಕ್ಯಾಲಿಬರ್ ಎಂದರೆ ನಳಿಗೆಯ ಉದ್ದ ತೂತಿನ ಅಗಲದ 39 ಪಟ್ಟು, ಸುಮಾರು 6 ಮೀಟರ್. ಧನುಷ್ ಬಂದಾಗ ಅದು 45 ಪಟ್ಟಾಯಿತು, ತೂತು ಅಷ್ಟೇ ಇದೆ. ‘45 ಕ್ಯಾಲಿಬರಿನ ದೊಡ್ಡ ಗುಂಡು’ ಎಂದು ಬರೆಯುವವರು ಇದನ್ನು ನೋಡಬೇಕು.

ಸರಿ, ರೈಫಲಿನ ತೂತಿನ ಅಗಲ ಅಂದರೆ ಎಲ್ಲಿಂದ ಎಲ್ಲಿಗೆ? ಗುಂಡು ತಿರುಗಲೆಂದು ನಳಿಗೆಯ ಒಳಗೆ ಸುರುಳಿಯಾಗಿ ತೋಡು ಕೊರೆದಿರುತ್ತಾರೆ. ತೋಡುಗಳ ನಡುವೆ ಉಳಿಯುವುದು ಏಣು. ಏಣಿನಿಂದ ಎದುರಿನ ಏಣಿಗೆ ಒಂದು ಅಳತೆ, ತೋಡಿನಿಂದ ತೋಡಿಗೆ ಇನ್ನೊಂದು. ಗುಂಡಿನ ದಪ್ಪ ತೋಡಿನ ಅಳತೆಗೆ ಇರಬೇಕು. ಲಿವರ್ ರೈಫಲುಗಳ .30-30 ತೋಟಾದಲ್ಲಿ ಏಣಿನಳತೆ .300, ತೋಡು ಮತ್ತು ಗುಂಡು .308. ನಮ್ಮ ಪೊಲೀಸರ ಹಳೆಯ ತ್ರೀ ನಾಟ್ ತ್ರೀಯೂ ಹಾಗೆಯೇ: .303 ಎಂಬುದು ಏಣಿನಳತೆ, ಗುಂಡು .311ರ ಆಸುಪಾಸು. ಹೆಸರಿಡುವ ಕಂಪನಿ ಯಾವ ಅಳತೆಯನ್ನಾದರೂ ಹಿಡಿಯಬಹುದು. ಎರಡನ್ನೂ ಹಿಡಿಯದೆ ಚೆನ್ನಾಗಿ ಕೇಳಿಸುವ ಸಂಖ್ಯೆಯನ್ನೇ ಹಿಡಿದದ್ದೂ ಉಂಟು. .44 ಮ್ಯಾಗ್ನಮ್ ಗುಂಡಿನ ದಪ್ಪ .429, ನ್ಯಾಯವಾಗಿ ಅದು 43.

ಈ ಗೊಂದಲದ ತುದಿ ನೋಡಬೇಕಾದರೆ ‘38’ಕ್ಕೆ ಬರಬೇಕು. ಲಿವರ್ ರೈಫಲುಗಳಲ್ಲಿ ಈ ಹೆಸರಿನ ಮೂರು ತೋಟಾಗಳು ಓಡಾಡುತ್ತವೆ. ಮೊದಲನೆಯದು .38-40. ವಿಂಚೆಸ್ಟರ್ ಕಂಪನಿಯ 1873 ಮಾದರಿಯ ರೈಫಲಿಗೆಂದು .44-40ರ ಕೊಳವೆಯ ಬಾಯಿಯನ್ನು ಕೊಂಚ ಕಿರಿದು ಮಾಡಿ ತಯಾರಿಸಿದ್ದು. ಅದರ ಗುಂಡು .401 ಇಂಚು, ಅಂದರೆ ಅಪ್ಪಟ ನಲವತ್ತು. ಎರಡನೆಯದು .38-55. ವಿಂಚೆಸ್ಟರ್ 1894 ಮಾರುಕಟ್ಟೆಗೆ ಬಂದದ್ದೇ ಇದರಲ್ಲಿ ಮತ್ತು .32-40ರಲ್ಲಿ. ಇದರ ಗುಂಡು .375ರಿಂದ .377. ಹೆಸರಿಗೆ ತಕ್ಕಮಟ್ಟಿಗೆ ಹತ್ತಿರವಾದದ್ದು ಇದೊಂದೇ. ಮೂರನೆಯದು .38 ಸ್ಪೆಷಲ್: ಗುಂಡು .357. ಹಳೆಯ ಕಾಲದಲ್ಲಿ ಗುಂಡಿನ ಹೊರಮೈ ಕೊಳವೆಯ ಹೊರಮೈಗೆ ಸಮನಾಗಿರುತ್ತಿತ್ತು, ಬುಡ ಮಾತ್ರ ಒಳಗೆ ಕೂರುತ್ತಿತ್ತು. ಆಮೇಲೆ ಇಡೀ ಗುಂಡನ್ನು ಕೊಳವೆಯ ಒಳಕ್ಕೆ ತಂದರು, ಸಹಜವಾಗಿ ತೆಳ್ಳಗಾಯಿತು. ಹೆಸರು ಮಾತ್ರ ಕೊಳವೆಯದ್ದೇ ಉಳಿಯಿತು. 1935ರಲ್ಲಿ ಅದೇ ಕೊಳವೆಯನ್ನು ಸುಮಾರು .135 ಇಂಚು ಉದ್ದ ಮಾಡಿದಾಗ ನಿಜವಾದ ಅಳತೆಯನ್ನೇ ಹೆಸರಾಗಿಟ್ಟು .357 ಮ್ಯಾಗ್ನಮ್ ಅಂದರು. ಹೀಗೆ ‘38’ ಎನ್ನುವುದು 10.2, 9.6, 9.1 ಮಿ.ಮೀ. ಮೂರೂ ಆಗುತ್ತದೆ, ಆದರೆ ‘38’ ಮತ್ತು ‘357’ ಒಂದೇ ಆಗುತ್ತವೆ. ‘38 ಕ್ಯಾಲಿಬರ್ ಲಿವರ್ ರೈಫಲ್’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದವರು ಏನನ್ನೂ ಹೇಳಿದಂತಾಗಲಿಲ್ಲ.

ಅಡ್ಡಗೆರೆಯ ಆಚೆಯ ಸಂಖ್ಯೆ ಇನ್ನೊಂದು ಬಲೆ. .45-70ರಲ್ಲಿ 70 ಎಂಬುದು ಕರಿಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ, 4.5 ಗ್ರಾಂ. .44-40ರಲ್ಲಿ 40 ಗ್ರೇನ್. .30-30ರ ಎರಡನೆಯ 30 ಹೊಗೆರಹಿತ ಮದ್ದಿನದು. ವಿಂಚೆಸ್ಟರ್ ಕಂಪನಿ 1895ರಲ್ಲಿ ಇದಕ್ಕಿಟ್ಟ ಹೆಸರು .30 ಡಬ್ಲ್ಯು.ಸಿ.ಎಫ್. (ವಿಂಚೆಸ್ಟರ್ ಸೆಂಟರ್ ಫೈರ್); ಎದುರಾಳಿ ಮಾರ್ಲಿನ್‌ಗೆ ತನ್ನ ನಳಿಗೆಯ ಮೇಲೆ ವಿಂಚೆಸ್ಟರ್ ಹೆಸರು ಕೊರೆಯಲು ಮನಸ್ಸಿರಲಿಲ್ಲ, ಹಾಗಾಗಿ ‘30-30’ ಓಡಿತು. ಇದೇ ಜಾಡು ಹಿಡಿದು .30-06ರಲ್ಲಿ ಆರು ಗ್ರೇನ್ ಮದ್ದು ಎಂದುಕೊಂಡರೆ ಕೆಟ್ಟಿರಿ: ಅದು 1906ನೇ ಇಸವಿ. .250-3000ದಲ್ಲಿ 3000 ಎಂಬುದು ಸೆಕೆಂಡಿಗೆ ಅಡಿಗಳ ವೇಗ.

ಇನ್ನು ಜನಪ್ರಿಯತೆ. ಅದನ್ನು ತೀರ್ಮಾನಿಸುವುದು ತೂತಲ್ಲ, ಯಂತ್ರ. ಹೆಚ್ಚಿನ ಲಿವರ್ ರೈಫಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಉದ್ದ ಮ್ಯಾಗಜಿನ್ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡು. ಮೂತಿ ಚೂಪಾದ ಗಟ್ಟಿ ಲೋಹವಾದರೆ ಕೋವಿ ಒದ್ದಾಗ ಅದು ಕೇಪನ್ನು ಹೊಡೆದು ತೋಟಾ ಮ್ಯಾಗಜಿನ್ನಿನಲ್ಲೇ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಮೂತಿ. ಚಪ್ಪಟೆ ಮೂತಿಯ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ, ಆದ್ದರಿಂದ ದೂರಕ್ಕಲ್ಲ. 150 ಗ್ರೇನಿನ .30-30 ಗುಂಡು ಸೆಕೆಂಡಿಗೆ ಸುಮಾರು 2390 ಅಡಿ ವೇಗದಲ್ಲಿ ಹೊರಟು 150 ಗಜದವರೆಗೆ ಜಿಂಕೆಗೆ ಧಾರಾಳವಾಗಿ ಸಾಕು. ಪೆನ್ಸಿಲ್ವೇನಿಯಾ, ಮಿಶಿಗನ್ ಕಡೆಯ ದಟ್ಟ ಕಾಡಿನಲ್ಲಿ ಅದಕ್ಕಿಂತ ದೂರ ಕಾಣುವುದೂ ಕಡಿಮೆ. ಒದೆತ ಹದ, ಕೋವಿ ಹಗುರ. 70 ಲಕ್ಷಕ್ಕೂ ಹೆಚ್ಚು ತಯಾರಾದ ವಿಂಚೆಸ್ಟರ್ 1894ರ, ಅಂದರೆ ಮಾಡೆಲ್ 94ರ, ಹೆಸರಿನೊಂದಿಗೆ .30-30 ಅಂಟಿಕೊಂಡಿರುವುದು ಇದರಿಂದ. ಹಾರ್ನಡಿ ಕಂಪನಿ 2006ರಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಚೂಪುಮೂತಿ ತಂದಮೇಲೆ ದೂರ ಸ್ವಲ್ಪ ಹಿಗ್ಗಿತು, ಅಷ್ಟೆ. ಸ್ಯಾವೇಜ್ 99, ಬ್ರೌನಿಂಗ್ ಬಿ.ಎಲ್.ಆರ್. ಥರದವು ಮ್ಯಾಗಜಿನ್ನಿನ ರೀತಿಯನ್ನೇ ಬದಲಿಸಿ .308 ವಿಂಚೆಸ್ಟರ್‌ನಂಥ ಚೂಪುಮೂತಿಯ ತೋಟಾವನ್ನೂ ಹಾರಿಸುತ್ತವೆ. ಒಳ್ಳೆಯ ಕೋವಿಗಳೇ, ಆದರೆ ಲಿವರ್ ಎಂದೊಡನೆ ಜನರಿಗೆ ನೆನಪಾಗುವವಲ್ಲ.

ಈಚಿನ ವರ್ಷಗಳಲ್ಲಿ ಯಂತ್ರದ ಜೊತೆ ಕಾನೂನೂ ಕೈ ಹಾಕಿದೆ. ಒಹಾಯೊ ರಾಜ್ಯದಲ್ಲಿ ಜಿಂಕೆ ಬೇಟೆಯ ರೈಫಲಿಗೆ ನೇರ ಗೋಡೆಯ ಕೊಳವೆಯ ತೋಟಾ ಮಾತ್ರ. .30-30ಕ್ಕೆ ಸೀಸೆಯಂತೆ ಕತ್ತು ಇದೆ, ಹಾಗಾಗಿ ಅಲ್ಲಿ ಅದು ಹೊರಗೆ; .45-70, .444 ಮಾರ್ಲಿನ್ ಒಳಗೆ. ರೆಮಿಂಗ್ಟನ್ 2023ರಲ್ಲಿ ತಂದ .360 ಬಕ್‌ಹ್ಯಾಮರ್ ಏನೆಂದರೆ .30-30ರ ಕತ್ತನ್ನು ಅಗಲಿಸಿ ನೇರ ಮಾಡಿದ್ದು. ಗುಂಡಿನ ದಪ್ಪ .358. ಕಾಯ್ದೆಗಾಗಿಯೇ ಹುಟ್ಟಿದ ತೋಟಾ.

ಕೌಬಾಯ್ ಸಿನಿಮಾ ನೋಡಿದವರು ಸೊಂಟದ ರಿವಾಲ್ವರಿಗೂ ಕೈಯ ರೈಫಲಿಗೂ ಒಂದೇ .45 ಕೋಲ್ಟ್ ಎಂದು ನಂಬಿರುತ್ತಾರೆ. 19ನೇ ಶತಮಾನದಲ್ಲಿ .45 ಕೋಲ್ಟ್ ಹಾರಿಸುವ ವಿಂಚೆಸ್ಟರ್ ಇರಲೇ ಇಲ್ಲ. ಆ ತೋಟಾದ ಬುಡದ ರಿಮ್ ಆಗ ತೀರ ಕಿರಿದಾಗಿತ್ತು, ಖಾಲಿ ಕೊಳವೆಯನ್ನು ಹೊರಗೆಳೆಯುವ ರೈಫಲಿನ ಕೊಕ್ಕೆಗೆ ಹಿಡಿತ ಸಿಗುವಂತಿರಲಿಲ್ಲ. ಎರಡಕ್ಕೂ ಹೊಂದುತ್ತಿದ್ದದ್ದು .44-40. ತೆಳು ಬಾಯಿಯ ಅದರ ಕೊಳವೆ ಉಬ್ಬಿ ಚೇಂಬರನ್ನು, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಹಿಂತುದಿಯನ್ನು, ಬಿಗಿಯಾಗಿ ಮುಚ್ಚುತ್ತದೆ, ಇಂದಿನ .45 ಕೋಲ್ಟ್ ರೈಫಲುಗಳಲ್ಲಿ ಕೊಳವೆಯ ಪಕ್ಕದಿಂದ ಮಸಿ ಹಿಂದಕ್ಕೆ ಬರುವುದು ಸಾಮಾನ್ಯ. ಈಗ ಆ ಜೋಡಿ ಕೆಲಸಕ್ಕೆ .357 ಮತ್ತು .44 ಮ್ಯಾಗ್ನಮ್ ಮುಂದಿವೆ. 2024ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ತನ್ನ 1854 ಮಾದರಿಯನ್ನು ತಂದದ್ದು .44 ಮ್ಯಾಗ್ನಮ್‌ನಲ್ಲಿ.

.357 ರೈಫಲಿಗೆ .38 ಸ್ಪೆಷಲ್ ಹಾಕಬಹುದು ಎನ್ನುವುದು ನಿಜ. ಹಾಕಿದ್ದೆಲ್ಲ ಓಡುತ್ತದೆ ಎನ್ನುವುದು ಸುಳ್ಳು. 1873ರ ನಮೂನೆಯ ಕೋವಿಗಳಲ್ಲಿ ತೋಟಾವನ್ನು ಮೇಲಕ್ಕೆತ್ತುವ ಲಿಫ್ಟರ್ ಒಂದು ಉದ್ದಕ್ಕೆಂದೇ ಮಾಡಿದ್ದು. ತೋಟಾ ಗಿಡ್ಡವಾದರೆ ಸರದಿಯಲ್ಲಿ ಕಾದಿರುವ ತೋಟಾ ಅರೆಬರೆ ಒಳಗೆ ತೂರಿ, ಲಿಫ್ಟರ್ ಮೇಲೇಳದೆ ಲಿವರ್ ಕಚ್ಚಿಕೊಳ್ಳುತ್ತದೆ. ಜೋರು ಮಾಡಿ ಎಳೆಯಬಾರದು. ನಳಿಗೆ ನಿರಪಾಯ ದಿಕ್ಕಿಗಿರಲಿ, ತೂರಿದ ತೋಟಾವನ್ನು ಮ್ಯಾಗಜಿನ್ ಕೊಳವೆಗೆ ವಾಪಸ್ ತಳ್ಳಿದರೆ ಬಿಡುತ್ತದೆ. ಇನ್ನೊಂದು ತೊಂದರೆ ನಿಧಾನವಾಗಿ ಬರುವಂಥದ್ದು: ಗಿಡ್ಡ ಕೊಳವೆಯ ಬಾಯಿ ಕೊನೆಗೊಳ್ಳುವಲ್ಲಿ ಚೇಂಬರಿನಲ್ಲಿ ಮಸಿಯ ಬಳೆ ಕಟ್ಟುತ್ತದೆ, ಆಮೇಲೆ ಹಾಕಿದ .357 ಖಾಲಿಯಾದ ಮೇಲೆ ಹೊರಬರಲು ಹಟ ಮಾಡುತ್ತದೆ. ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿದರೆ ಸರಿ.

.45-70ರಲ್ಲಿ ತಪ್ಪಿದರೆ ಬ್ರಷ್ಷಿನಿಂದ ಮುಗಿಯುವುದಿಲ್ಲ. ರೂಗರ್ ಕಂಪನಿ ಮಾರ್ಲಿನ್ ಅನ್ನು ಕೊಂಡಮೇಲೆ ಮೊದಲು ಹೊರತಂದದ್ದು ಇದೇ ತೋಟಾದ 1895. ಅಲಾಸ್ಕದ ಕರಡಿ ಸೀಮೆಯಲ್ಲೂ ಇದಕ್ಕೇ ಮರ್ಯಾದೆ. ಆದರೆ ಒಂದೇ ಹೆಸರಿನಡಿ ಒತ್ತಡದ ಮೂರು ಮಟ್ಟಗಳಿವೆ: 1873ರ ಸೇನೆಯ ಹಳೆ ರೈಫಲಿಗೆ ಒಂದು, ಇಂದಿನ ಗಟ್ಟಿ ಲಿವರ್ ರೈಫಲಿಗೆ ಒಂದು, ಏಕಗುಂಡಿನ ರೂಗರ್ ನಂ. 1ಕ್ಕೆ ಇನ್ನೂ ಮೇಲಿನದು. ಮೂರೂ ಯಾವ ಚೇಂಬರಿಗಾದರೂ ಸಲೀಸಾಗಿ ಕೂರುತ್ತವೆ. ಹಾಗಾಗಿ ನಳಿಗೆಯ ಮೇಲಿನ ಬರಹ ಸಾಲದು, ಡಬ್ಬಿಯ ಮೇಲಿನ ಎಚ್ಚರಿಕೆಯನ್ನೂ ಓದಬೇಕು. .38-55 ಮತ್ತು 1978ರ .375 ವಿಂಚೆಸ್ಟರ್ ನಡುವೆಯೂ ಇದೇ ಅಪಾಯ: ಆಕಾರ ಒಂದೇ ಥರ, ಒತ್ತಡ ಎಲ್ಲಿಂದೆಲ್ಲಿಗೋ.

ಹಳೆಯ .38-55 ಕೈಗೆ ಬಂದಿದ್ದರೆ ಹೆಸರನ್ನು ಪಕ್ಕಕ್ಕಿಟ್ಟು ನಳಿಗೆಯನ್ನೇ ಅಳೆಯಬೇಕು. ಮ್ಯಾಗಜಿನ್ನೂ ಚೇಂಬರೂ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ನಳಿಗೆಗೆ ತೆಳುವಾಗಿ ಎಣ್ಣೆ ಹಚ್ಚಿ, ತೂತಿಗಿಂತ ಕೂದಲೆಳೆ ದಪ್ಪನೆಯ ಮೆತ್ತನೆ ಶುದ್ಧ ಸೀಸದ ಉಂಡೆಯನ್ನು ಬಾಯಿಯಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಒಳಗಿಳಿಸಿ, ಹಿತ್ತಾಳೆ ಸರಳಿನಿಂದ ದೂಡಿ ಹೊರತೆಗೆಯುವುದು. ಮಾರ್ಲಿನ್ನಿನಲ್ಲಿ ಲಿವರಿನ ಒಂದು ಸ್ಕ್ರೂ ಬಿಚ್ಚಿದರೆ ಚೇಂಬರಿನ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಹೊರಬಂದು ದಾರಿ ತೆರೆಯುತ್ತದೆ. ವಿಂಚೆಸ್ಟರ್ 94ರಲ್ಲಿ ಬಿಚ್ಚುವ ಕೆಲಸ ಹೆಚ್ಚು. ಉಂಡೆಯ ಮೇಲೆ ಉಬ್ಬಿ ಕಾಣುವ ಭಾಗ ನಳಿಗೆಯ ತೋಡು, ಅದರ ಅಡ್ಡಳತೆಯೇ ಬೇಕಾದದ್ದು. ಮೈಕ್ರೊಮೀಟರಿನಲ್ಲಿ ಅಳೆಯಿರಿ, ವರ್ನಿಯರ್ ಸಾಲದು. .379 ಬಂದರೂ ಅಚ್ಚರಿಯಿಲ್ಲ. ಸೀಸದ ಗುಂಡು ಅದಕ್ಕಿಂತ .001 ಇಂಚು ದಪ್ಪ ಇರಬೇಕು. ‘38-55’ ಎಂದು ಬರೆದಿದೆಯೆಂದು .375ರ ಗುಂಡು ಹಾಕಿದರೆ ಸಂದಿನಲ್ಲಿ ನುಗ್ಗುವ ಬಿಸಿ ಅನಿಲ ಸೀಸವನ್ನು ಕರಗಿಸಿ ತೋಡಿನ ತುಂಬ ಬಳಿಯುತ್ತದೆ, ಗುರಿ ಹಲಗೆಯಲ್ಲಿ ಗುಂಡು ಅಡ್ಡಲಾಗಿ ಬಿದ್ದ ಗುರುತು ಕಾಣುತ್ತದೆ.