ಒಂದು ವಾರ ಬಿಟ್ಟು ಬನ್ನಿ

‘ಈಗಲೇ ಏನೂ ಹೇಳಲಾಗದು, ಒಂದು ವಾರ ಬಿಟ್ಟು ಬನ್ನಿ.’ ಸ್ಕ್ಯಾನ್ ಕೋಣೆಯಲ್ಲಿ ನಾವು ಪ್ರಸೂತಿ ವೈದ್ಯರು ಬಲು ಸಲೀಸಾಗಿ ಆಡಿಬಿಡುವ ಮಾತು ಇದು. ಆಡಿದವರಿಗೆ ಅದು ಮುಂದಿನ ಭೇಟಿಯ ದಿನಾಂಕ, ಅಷ್ಟೇ. ಕೇಳಿಸಿಕೊಂಡವಳಿಗೆ ಏಳು ಹಗಲು, ಏಳು ರಾತ್ರಿ. ಬಸಿರೆಂದು ಸಂಭ್ರಮಿಸುವಂತಿಲ್ಲ, ಹೋಯಿತೆಂದು ಅಳುವಂತೆಯೂ ಇಲ್ಲ. ಕೆಟ್ಟ ಸುದ್ದಿಯನ್ನೇ ನೇರವಾಗಿ ಕೇಳಿದ್ದರೆ ವಾಸಿಯಿತ್ತು ಎಂದು ಎಷ್ಟೋ ಮಂದಿ ನನ್ನೆದುರೇ ಹೇಳಿದ್ದಾರೆ. ಆ ಮಾತನ್ನು ನಾನು ಅತಿರೇಕ ಎಂದುಕೊಳ್ಳುವುದಿಲ್ಲ.

ಈ ಅನಿಶ್ಚಿತತೆಯ ಬಹುಪಾಲು ಹುಟ್ಟುವುದು ಲೆಕ್ಕದಲ್ಲಿ. ಗರ್ಭದ ವಯಸ್ಸನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ‘ಆರು ವಾರ’ ಎನ್ನಿಸಿಕೊಳ್ಳುವ ಭ್ರೂಣಕ್ಕೆ ನಿಜದಲ್ಲಿ ಸುಮಾರು ನಾಲ್ಕು ವಾರ ಮಾತ್ರ. ಇಪ್ಪತ್ತೆಂಟು ದಿನಗಳ ಋತುಚಕ್ರ, ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ ಅಂಡ ಬಿಡುಗಡೆ ಎಂಬ ಊಹೆಯ ಮೇಲೆ ಇಡೀ ಲೆಕ್ಕ ನಿಂತಿದೆ. ದೇಹ ಕ್ಯಾಲೆಂಡರ್ ನೋಡಿ ನಡೆಯುವುದಿಲ್ಲ. ಅಂಡ ಐದಾರು ದಿನ ತಡವಾಗಿ ಬಿಡುಗಡೆಯಾದರೂ ಸಾಕು, ಸ್ಕ್ಯಾನ್‌ನಲ್ಲಿ ಕಾಣುವ ಚಿತ್ರವೇ ಬೇರೆ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಸುಮಾರು ಐದನೆಯ ವಾರಕ್ಕೆ ಗರ್ಭಚೀಲ, ಐದೂವರೆಗೆ ಅದರೊಳಗೆ ಉಂಗುರದಂಥ ಯೋಕ್ ಸ್ಯಾಕ್ (ಆರಂಭದಲ್ಲಿ ಭ್ರೂಣವನ್ನು ಪೋಷಿಸುವ ಪುಟ್ಟ ಚೀಲ), ಆರನೆಯ ವಾರದ ಹೊತ್ತಿಗೆ ಭ್ರೂಣ ಮತ್ತು ಅದರ ಹೃದಯದ ಮಿನುಗು ಕಾಣತೊಡಗುತ್ತವೆ. ತಾನು ಆರು ವಾರ ಮುಗಿಸಿದ್ದೇನೆಂದು ನಂಬಿ ಬಂದವಳಿಗೆ ಬರಿಯ ಚೀಲ ಕಂಡರೆ ಎದೆ ಒಡೆಯುತ್ತದೆ. ಅದು ಬೆಳವಣಿಗೆ ನಿಂತ ಗರ್ಭವಿರಬಹುದು, ಐದು ವಾರದ ಆರೋಗ್ಯವಂತ ಗರ್ಭವೂ ಇರಬಹುದು. ಆ ದಿನ ಆ ಪರದೆಯ ಮೇಲೆ ಎರಡೂ ಒಂದೇ ತೆರ.

ಹಾಗಾದರೆ ಗರ್ಭ ಬೆಳೆಯುತ್ತಿಲ್ಲವೆಂದು ಯಾವಾಗ ಖಚಿತವಾಗಿ ಹೇಳಬಹುದು? ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಿದ್ದು ಹೃದಯಬಡಿತ ಕಾಣದಿದ್ದಾಗ, ಇಲ್ಲವೇ ಗರ್ಭಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಮುಟ್ಟಿಯೂ ಒಳಗೆ ಭ್ರೂಣವೇ ಇಲ್ಲದಾಗ. ಹಿಂದೆ ಈ ಗಡಿಗಳು ಇದಕ್ಕಿಂತ ಸಡಿಲವಾಗಿದ್ದವು. ಭ್ರೂಣಕ್ಕೆ 5 ಮಿಲಿಮೀಟರ್ ಸಾಕು ಎನ್ನುತ್ತಿದ್ದರು. ಆ ಅಳತೆ ಹಿಡಿದರೆ ಬದುಕುಳಿಯಬಲ್ಲ ಗರ್ಭವನ್ನೂ ಮುಗಿದುಹೋಯಿತೆಂದು ತಪ್ಪಾಗಿ ಘೋಷಿಸುವ ಅಪಾಯವಿದೆ ಎಂದು ಅಧ್ಯಯನಗಳು ತೋರಿಸಿದ ಮೇಲೆ 2011ರಲ್ಲಿ ಬ್ರಿಟನ್ನಿನಲ್ಲಿ, 2013ರಲ್ಲಿ ಅಮೆರಿಕದಲ್ಲಿ ಮಾನದಂಡ ಬಿಗಿಯಾಯಿತು. ಒಂದೇ ಭ್ರೂಣವನ್ನು ಇಬ್ಬರು ಅಳೆದರೆ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಬರುವುದು ಸಹಜ. ಆ ಒಂದೆರಡು ಮಿಲಿಮೀಟರಿನ ಮೇಲೆ ತೀರ್ಪು ಕೊಡಬಾರದೆಂದೇ ಕನಿಷ್ಠ ಏಳು ದಿನಗಳ ಅಂತರ. ಹೊಟ್ಟೆಯ ಮೇಲಿನಿಂದ ಮಾತ್ರ ಸ್ಕ್ಯಾನ್ ಮಾಡಿದ್ದರೆ ಹದಿನಾಲ್ಕು ದಿನ. ವೈದ್ಯರು ಕಾಯಿಸುತ್ತಿರುವುದು ಉದಾಸೀನದಿಂದಲ್ಲ, ಆ ಗರ್ಭಕ್ಕೆ ಇರಬಹುದಾದ ಅವಕಾಶವನ್ನು ಕಾಪಾಡಲು. ಇಷ್ಟನ್ನು ಬಿಡಿಸಿ ಹೇಳಲು ಎರಡು ನಿಮಿಷವೂ ಬೇಡ. ನಮ್ಮಲ್ಲಿ ಹಲವರು ಹೇಳುವುದಿಲ್ಲ, ಅದೇ ನನ್ನ ತಕರಾರು.

ಇನ್ನೊಂದು ಬಗೆಯ ಕಾಯುವಿಕೆಯಲ್ಲಿ ಎಚ್ಚರ ಹೆಚ್ಚು ಬೇಕು. ಮೂತ್ರ ಪರೀಕ್ಷೆಯಲ್ಲಿ ಬಸಿರು ಸೂಚಿಸುವ ಎರಡು ಗೆರೆ ಬಂದಿದೆ, ಸ್ಕ್ಯಾನ್‌ನಲ್ಲಿ ಗರ್ಭಕೋಶದೊಳಗೂ ಹೊರಗೂ ಏನೂ ಕಾಣುತ್ತಿಲ್ಲ. ಗರ್ಭ ತೀರಾ ಚಿಕ್ಕದಿರಬಹುದು, ಆಗಲೇ ಜಾರಿರಬಹುದು, ಅಥವಾ ಅಂಡನಾಳದಲ್ಲಿ ಕೂತಿರಬಹುದು. ಆಗ ರಕ್ತದಲ್ಲಿ ಎಚ್‌ಸಿಜಿ ಎಂಬ, ಬಸಿರಾದಾಗ ಹುಟ್ಟುವ ಹಾರ್ಮೋನಿನ ಮಟ್ಟವನ್ನು 48 ಗಂಟೆಗಳ ಅಂತರದಲ್ಲಿ ಎರಡು ಬಾರಿ ನೋಡುತ್ತೇವೆ. ಒಂದು ಸಂಖ್ಯೆಗಿಂತ ಎರಡರ ನಡುವಿನ ಏರಿಳಿತ ಮುಖ್ಯ. ‘ನನಗೆ 800 ಬಂದಿದೆ, ಒಳ್ಳೆಯದೇ ಕೆಟ್ಟದ್ದೇ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಈ ಅವಧಿಯಲ್ಲಿ ಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಕಣ್ಣು ಕತ್ತಲಿಡುವುದು, ಗಂಟೆಗೊಂದರಂತೆ ಪ್ಯಾಡ್ ತೋಯುವಷ್ಟು ರಕ್ತಸ್ರಾವ, ಇವುಗಳಲ್ಲಿ ಯಾವುದೊಂದಾದರೂ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಆ ಏಳು ದಿನಗಳಲ್ಲಿ ಹೆಂಗಸರು ಏನು ಮಾಡುತ್ತಾರೆಂಬುದು ಪಠ್ಯಪುಸ್ತಕದಲ್ಲಿ ಇಲ್ಲ, ಮಾತಿಗೆ ಬಿಟ್ಟರೆ ತಾನೇ ಹೊರಬರುತ್ತದೆ. ಶೌಚಾಲಯಕ್ಕೆ ಹೋದಾಗಲೆಲ್ಲ ಟಿಶ್ಯೂವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ: ಕಂದೋ, ಗುಲಾಬಿಯೋ, ಕೆಂಪೋ. ಬೇಕಿಲ್ಲದಿದ್ದರೂ ಹೋಗಿ ನೋಡಿ ಬರುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಸ್ತನ ಒತ್ತಿ ನೋವು ಇದೆಯೇ ಎಂದು ಪರೀಕ್ಷಿಸುತ್ತಾರೆ. ವಾಕರಿಕೆ ಬಂದರೆ ಖುಷಿ, ಒಂದು ದಿನ ಬಾರದಿದ್ದರೆ ದಿಗಿಲು. ಮೂತ್ರ ಪರೀಕ್ಷೆಯ ನಿನ್ನೆಯ ಪಟ್ಟಿಯ ಪಕ್ಕದಲ್ಲಿ ಇಂದಿನ ಪಟ್ಟಿ ಇಟ್ಟು, ಗೆರೆ ದಟ್ಟವಾಯಿತೇ ಎಂದು ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡುತ್ತಾರೆ. ಎಲ್ಲರೂ ಮಲಗಿದ ಮೇಲೆ ಅಂತರ್ಜಾಲದಲ್ಲಿ ತಮ್ಮದೇ ಅಳತೆ ಇದ್ದ ಇನ್ನೊಬ್ಬಳನ್ನು ಹುಡುಕುತ್ತಾರೆ. ಆಕೆಯ ಕಥೆ ಸುಖಾಂತವಾಗಿದ್ದರೆ ಒಂದು ಗಂಟೆ ನಿದ್ದೆ. ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ: ಹೊಟ್ಟೆಯ ಮೇಲೆ ಕೈಯಿಡುವುದನ್ನೇ ಬಿಡುತ್ತಾರೆ, ಮಗು ಎಂಬ ಪದವನ್ನೇ ಬಳಸುವುದಿಲ್ಲ. ಆಸೆ ಕಡಿಮೆ ಇಟ್ಟುಕೊಂಡರೆ ಪೆಟ್ಟು ಕಡಿಮೆ ಎಂಬ ಲೆಕ್ಕ. ನನ್ನ ಅನುಭವದಲ್ಲಿ ಈ ಲೆಕ್ಕ ಫಲಿಸಿದ್ದು ಕಡಿಮೆ. ಕಳೆದುಕೊಂಡವರು ಆಸೆಪಟ್ಟಿದ್ದರೂ ಅಷ್ಟೇ ಅತ್ತರು, ಪಡದಿದ್ದರೂ ಅಷ್ಟೇ.

ಈ ತಪಾಸಣೆಗಳನ್ನು ‘ಮಾಡಬೇಡಿ’ ಎಂದರೆ ನಿಲ್ಲುವುದಿಲ್ಲ. ಅವುಗಳಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಹೇಳಿದರೆ ಸ್ವಲ್ಪ ಸಡಿಲವಾಗುತ್ತವೆ. ಗೆರೆಯ ದಟ್ಟತನ ಮೂತ್ರ ಎಷ್ಟು ಸಾಂದ್ರವಾಗಿದೆ ಎಂಬುದನ್ನೂ ಅವಲಂಬಿಸುತ್ತದೆ. ಅದರಿಂದ ಗರ್ಭದ ಆರೋಗ್ಯ ಅಳೆಯಲಾಗದು. ವಾಕರಿಕೆ ಒಂದು ದಿನ ಇಳಿದು ಮರುದಿನ ಏರುವುದು ಸಾಮಾನ್ಯ. ಮೊದಲ ಮೂರು ತಿಂಗಳಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣುತ್ತದೆ, ಅವರಲ್ಲಿ ಹೆಚ್ಚಿನವರ ಗರ್ಭ ಮುಂದುವರಿಯುತ್ತದೆ.

ಎಲ್ಲಕ್ಕಿಂತ ಭಾರವಾದ ಪ್ರಶ್ನೆ ‘ನಾನೇನು ಮಾಡಿದೆ?’ ಎಂಬುದು. ಬಿಂದಿಗೆ ಎತ್ತಿದ್ದು, ಮೆಟ್ಟಿಲು ಹತ್ತಿದ್ದು, ಕೂಡಿದ್ದು, ಕಚೇರಿಯಲ್ಲಿ ಸಿಟ್ಟಾದದ್ದು, ಬಸಿರು ಎಂದು ಗೊತ್ತಾದ ಕ್ಷಣ ‘ಈಗ ಬೇಡವಿತ್ತು’ ಅನ್ನಿಸಿದ್ದು. ಗೊತ್ತಾದ ಗರ್ಭಗಳಲ್ಲಿ ಶೇಕಡಾ 10ರಿಂದ 20ರಷ್ಟು ತಾನಾಗಿ ಹೋಗುತ್ತವೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಏರುಪೇರು ಕಾರಣ. ಅದು ಗರ್ಭ ಕಟ್ಟುವ ಹೊತ್ತಿಗೇ ಆಗಿಹೋದ ಸಂಗತಿ. ಹಾಸಿಗೆ ಹಿಡಿದು ಮಲಗಿದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೂ ಮಲಗಿಸುತ್ತಾರೆ, ಮಲಗಿದವಳಿಗೆ ಚಾವಣಿ ನೋಡುತ್ತ ಯೋಚಿಸುವುದಲ್ಲದೆ ಬೇರೆ ಕೆಲಸವಿಲ್ಲ. ಗರ್ಭಕ್ಕೆ ಆಸರೆಯಾಗುವ ಹಾರ್ಮೋನು ಪ್ರೊಜೆಸ್ಟರಾನ್ ಕೊಡಿ ಎಂದು ಕೇಳುವವರೂ ಇದ್ದಾರೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ರಕ್ತಸ್ರಾವವಾದ ಎಲ್ಲರಿಗೂ ಅದರಿಂದ ಲಾಭವಾದದ್ದು ಕಾಣಲಿಲ್ಲ. ಹಿಂದೆ ಗರ್ಭಪಾತವಾಗಿದ್ದು ಈ ಬಾರಿ ರಕ್ತ ಕಂಡವರಿಗೆ ನೆರವಾಗಬಹುದೆಂಬ ಸೂಚನೆ ಸಿಕ್ಕಿತು. ಆದ್ದರಿಂದ ಅದು ಕೇಳಿದವರಿಗೆಲ್ಲ ಕೊಡುವ ಸಮಾಧಾನದ ಗುಳಿಗೆಯಾಗಬಾರದು.

ಹಾಗಾದರೆ ಕೊಡಬಹುದಾದದ್ದೇನು? ನಾನು ಒಂದು ಚೀಟಿ ಬರೆದುಕೊಡುತ್ತೇನೆ. ಇವತ್ತು ಕಂಡದ್ದೇನು, ಅಳತೆ ಎಷ್ಟು, ಮುಂದಿನ ಸ್ಕ್ಯಾನ್ ಯಾವ ದಿನ ಎಷ್ಟು ಗಂಟೆಗೆ, ಅಷ್ಟರಲ್ಲಿ ಎಷ್ಟು ಬೆಳೆದಿರಬೇಕು, ಏನಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಕೋಣೆಯಲ್ಲಿ ಕೇಳಿದ್ದರಲ್ಲಿ ಅರ್ಧ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗಿರುತ್ತದೆ. ಗಂಡ ಕೇಳಿದಾಗ ತೋರಿಸಲು ಚೀಟಿಯಾದರೂ ಇರಲಿ.

ಗಂಡಂದಿರಿಗೂ ಒಂದು ಮಾತು. ‘ಏನೂ ಆಗುವುದಿಲ್ಲ, ಒಳ್ಳೆಯದನ್ನೇ ಯೋಚಿಸು’ ಎಂದರೆ ಆಕೆಗೆ ಎರಡು ಹೊರೆ: ಭಯದ ಜೊತೆಗೆ ಭಯ ಪಟ್ಟದ್ದಕ್ಕೆ ತಪ್ಪಿತಸ್ಥಭಾವ. ಯೋಚನೆಯಿಂದ ಗರ್ಭ ಉಳಿಯುವುದೂ ಇಲ್ಲ, ಹೋಗುವುದೂ ಇಲ್ಲ. ‘ನನಗೂ ಗೊತ್ತಾಗುತ್ತಿಲ್ಲ, ಗುರುವಾರ ಜೊತೆಗೆ ಬರುತ್ತೇನೆ’ ಎಂದರೆ ಸಾಕು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ನಿಯಮವೂ ಒಬ್ಬರ ಮಟ್ಟಿಗೆ ಸಡಿಲಾಗಲಿ. ಗರ್ಭ ಹೋದರೆ ಯಾರ ಮುಂದೆ ಅಳಬಹುದೋ ಅವರಿಗೆ ಈಗಲೇ ಹೇಳಬಹುದು.

ನೋವು, ರಕ್ತಸ್ರಾವ ಇಲ್ಲದವರು, ಹಿಂದೆ ಅಂಡನಾಳದ ಗರ್ಭವಾಗಿರದವರು ಏಳು ವಾರ ತುಂಬುವ ಮೊದಲು ಕುತೂಹಲಕ್ಕೆಂದು ಸ್ಕ್ಯಾನ್‌ಗೆ ಬಾರದಿದ್ದರೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಬೇಗ ನೋಡಿದಷ್ಟೂ ಸ್ಪಷ್ಟವಾಗಿ ಕಾಣುವುದು ಕಡಿಮೆ.

ಎರಡನೆಯ ಸ್ಕ್ಯಾನ್‌ನ ದಿನ ಪರದೆ ನೋಡುತ್ತೀರಾ, ಬೇಡವೇ ಎಂದು ಮೊದಲೇ ಕೇಳುತ್ತೇನೆ. ಕಂಡದ್ದನ್ನು ಕಂಡ ಕೂಡಲೇ ಹೇಳುತ್ತೇನೆ. ನಾವು ಮೌನವಾಗಿ ಅಳತೆ ತೆಗೆಯುವ ಆ ಅರೆನಿಮಿಷವೇ ಆಕೆಗೆ ದೊಡ್ಡದು. ಗರ್ಭದ ಬೆಳವಣಿಗೆ ನಿಂತಿದ್ದರೆ ತಾನಾಗಿ ಹೋಗಲು ಬಿಡುವುದು, ಮಾತ್ರೆ, ಸಣ್ಣ ಶಸ್ತ್ರಕ್ರಿಯೆ, ಈ ಮೂರು ದಾರಿಗಳಿವೆ. ಜೋರು ರಕ್ತಸ್ರಾವವೋ ಸೋಂಕೋ ಇಲ್ಲದಿದ್ದರೆ ಅದೇ ದಿನ ಆರಿಸಬೇಕಿಲ್ಲ. ಹೃದಯಬಡಿತ ಕಂಡರೆ ಅಪಾಯ ಬಹಳಷ್ಟು ಇಳಿಯುತ್ತದೆ, ಭಯ ಅಷ್ಟು ಬೇಗ ಇಳಿಯುವುದಿಲ್ಲ. ಹತ್ತು ದಿನ ಬಿಟ್ಟು ‘ಸುಮ್ಮನೆ ಒಮ್ಮೆ ನೋಡಿ ಡಾಕ್ಟರೇ’ ಎಂದು ಮತ್ತೆ ಬರುವವರಿದ್ದಾರೆ. ಅವರಿಗೆ ಕಾರಣ ಕೇಳುವ ಪದ್ಧತಿ ನನ್ನಲ್ಲಿಲ್ಲ, ಸರದಿ ಬಂದಾಗ ನೋಡುತ್ತೇನೆ.